ಸೀರೆಯಲ್ಲಿ ಕಟ್ಟಿದ ದಫ್ತರ

ಯಾರ ಮನೆಗೆ ಹೋದರೂ ನನ್ನ ಅಕ್ಕ ಮೊದಲು ನೋಡುತ್ತಿದ್ದುದು ಆ ಮನೆಯ ಮೂಲೆಗಳನ್ನು. ಮನೆಯವರು ಚಾಪೆ ಹಾಸಿ "ಬರ್ರಿ, ಕುಂದರ್ರಿ" ಎನ್ನುವಷ್ಟರಲ್ಲಿ ಒಲೆಯ ಹಿಂದೆ, ಅಟ್ಟದ ಮೇಲೆ, ಕೊಡಗಳ ಸಂದಿಯಲ್ಲಿ ಕಣ್ಣಾಡಿಸಿ ಮುಗಿಸಿರುತ್ತಿದ್ದಳು. ಆಮೇಲೆ ಕುಳಿತು, ನೀರು ಕುಡಿದು, ಆ ಮನೆಯ ಹಿರಿಯ ಹೆಂಗಸಿನ ಕಡೆ ತಿರುಗಿ, "ಯವ್ವಾ, ಆ ಮೂಲ್ಯಾಗ ಇರೂದು ಏನದು?" ಎಂದು ಕೇಳುತ್ತಿದ್ದಳು.

ಮಾನ್ವಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಅಕ್ಕಿಕಾಳು ಬಿದ್ದು ಊಟಕ್ಕೆ ಪಂಕ್ತಿ ಕೂತಾಗ ಅಕ್ಕ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಗಂಡಿನವರು ಇಳಿದುಕೊಂಡಿದ್ದ ಮನೆಯ ಹಿಂದಿನ ಕೋಣೆಯಲ್ಲಿ, ಒಬ್ಬ ಹಣ್ಣು ಮುದುಕಿಯ ಎದುರು ಕೂತಿದ್ದಳು. ಆ ಮುದುಕಿ ಸೂಲಗಿತ್ತಿಯಂತೆ. ಅವಳ ಸಂದೂಕದಲ್ಲಿದ್ದ, ಹೊಕ್ಕಳಬಳ್ಳಿ ಕೊಯ್ಯುವ ತುಕ್ಕು ಹಿಡಿದ ಕುಡುಗೋಲು ಅಕ್ಕನ ಸೆರಗಿನ ತುದಿಯಲ್ಲಿತ್ತು. ಗಂಡಿನ ಕಡೆಯವನೊಬ್ಬ ನನಗೆ ಕೇಳುವಂತೆ, "ಇವರ ಕಡಿಯವ್ರು ಹಳೇ ಕಬ್ಬಿಣ, ಮೋಡಕಾ ಯಾಪಾರದವ್ರೇನ್ರಿ?" ಎಂದ. ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಅಕ್ಕ ಮಾತ್ರ ಪಂಕ್ತಿಯ ನಡುವೆ ರಾಜಾರೋಷವಾಗಿ ನಡೆದು ಬಂದು ಎಲೆಯ ಮುಂದೆ ಕುಳಿತಳು.

ಅದಾದ ಮೇಲೆ ನಮ್ಮ ನೆಂಟರಲ್ಲಿ ಅವಳು ಹೋದಲ್ಲೆಲ್ಲ ಒಂದೇ ಮಾತು. "ಬಂದ್ಲವಾ ಮ್ಯೂಜಿಯಂ ಅಕ್ಕ, ಬೀಸೂಕಲ್ಲು ಮುಚ್ಚಿಡ್ರೇ!"

ಅಕ್ಕ ಬಿಡುತ್ತಿರಲಿಲ್ಲ. "ಬೀಸೂಕಲ್ಲು ನಮ್ಮಲ್ಲಿ ಹೆಚ್ಚಾಗ್ಯಾವ. ನಿಮ್ಮ ಅತ್ತೀನ್ನ ಕೊಡ್ರಿ, ಒಯ್ತೀನಿ."

ಅವಳು ಮದುವೆಯಾಗಿ ಹೋಗಿ, ಸ್ವಲ್ಪ ಕಾಲಕ್ಕೆ ತಿರುಗಿ ಬಂದವಳು. ಯಾಕೆ ಬಂದಳೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹತ್ತನೆಯ ತರಗತಿ ಪಾಸು ಮಾಡಿದ್ದಳು. ನಾನು ಏಳನೆಯ ತರಗತಿಯಲ್ಲಿ ಫೇಲಾಗಿ ದೇವದುರ್ಗದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಹಾಕಿದವನು. ಅವಳು ರಾಯಚೂರಿಗೆ ಹೋಗಿ ಒಂದು ಖೋಲಿ ಹಿಡಿದು, ಹೆಣ್ಣುಮಕ್ಕಳ ಒಂದು ಸಂಘದಲ್ಲಿ ಕೆಲಸಕ್ಕೆ ಸೇರಿದಳು.

ಆ ಸಂಘದವರು ತೀನ್ ಕಂದೀಲ್ ವೃತ್ತದ ಆಚೆ ಒಂದು ಓಣಿಯಲ್ಲಿ ಹಳೆಯ ಮನೆ ಬಾಡಿಗೆಗೆ ಹಿಡಿದು ಮ್ಯೂಸಿಯಂ ಮಾಡಿದ್ದರು. ರಾಜರದ್ದಲ್ಲ, ಯುದ್ಧದ್ದಲ್ಲ. ಈ ಸೀಮೆಯ ಹೆಣ್ಣುಮಕ್ಕಳು ಹೇಗೆ ಬದುಕಿದರು ಎಂದು ತೋರಿಸುವ ಮ್ಯೂಸಿಯಂ. ಕೌದಿ, ಪಾನ್‌ದಾನ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹೆಂಗಸರ ಪಾಟಿಗಳು, ಬಾಣಂತಿಯರನ್ನು ಕಾಯಿಸುವ ಕೆಂಡದ ಕುಂಪಟಿ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಬಂದವರಿಗೆ ತೋರಿಸುವುದು ಅಕ್ಕನ ಕೆಲಸ. ಜೊತೆಗೆ ಬರೆಯುವುದು. ಸಭೆ ನಡೆದರೆ ಯಾರು ಏನೆಂದರು, ಯಾವ ಸಾಮಾನು ಯಾರಿಂದ ಬಂತು, ಯಾರಿಗೆ ಪತ್ರ ಹೋಯಿತು, ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ, ಎಲ್ಲವನ್ನೂ. ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು, ಆದ್ದರಿಂದ ಅವಳಿಗೆ ಬಂತು.

ಅವಳು ಕುರ್ಚಿಯಲ್ಲಿ ಕೂತು ಬರೆಯುತ್ತಿರಲಿಲ್ಲ. ನೆಲದ ಮೇಲೆ ಕೂತು, ಒಂದು ಮೊಣಕಾಲು ಎತ್ತಿ, ಅದರ ಮೇಲೆ ರಟ್ಟು ಇಟ್ಟುಕೊಂಡು, ಪ್ರತಿ ಶಬ್ದವನ್ನೂ ಮೊದಲು ಬಾಯಲ್ಲಿ ಅಂದುಕೊಂಡು ಆಮೇಲೆ ಬರೆಯುತ್ತಿದ್ದಳು. ಪಕ್ಕದಲ್ಲಿದ್ದವರಿಗೆ ಏನು ಬರೆಯುತ್ತಿದ್ದಾಳೆ ಎಂಬುದು ತಾನಾಗಿ ಕೇಳಿಸುತ್ತಿತ್ತು. ಫೋನಿನಲ್ಲಿ ಇನ್ನೂ ಜೋರು. ಅವಳು ರಾಯಚೂರಿನಿಂದ ಫೋನ್ ಮಾಡಿದರೆ ನನ್ನ ಅಂಗಡಿಯಲ್ಲಿ ಗಾಳಿ ಹಾಕಿಸಿಕೊಳ್ಳಲು ನಿಂತವರು, "ಫೋನ್ ಇಡಪಾ, ಹಂಗs ಕೇಳಸ್ತದ" ಎಂದು ನಗುತ್ತಿದ್ದರು.

ಸಭೆಯ ಒಂದು ಜಗಳದ ಕಥೆಯನ್ನು ನನಗೆ ಮೆಹರ್ ಖಾಲಾ ಹೇಳಿದ್ದು. ಮೆಹರ್ ಖಾಲಾ ಸಂಘದ ಹಳೆಯ ಸದಸ್ಯೆ, ಬಜಾರಿನಲ್ಲಿ ಬಳೆ ಅಂಗಡಿ ಇಟ್ಟವರು, ಅಕ್ಕನ ಗೆಳತಿ. ಒಬ್ಬ ಸದಸ್ಯೆ ತಮ್ಮ ಓಣಿಗೆ ಮೊಟ್ಟಮೊದಲು ಬಂದ ಪ್ರೆಶರ್ ಕುಕ್ಕರನ್ನು ಮ್ಯೂಸಿಯಂಗೆ ಕೊಡಲು ತಂದರಂತೆ. ಇನ್ನೊಬ್ಬರು, "ಕುಕ್ಕರ್ ಇತಿಹಾಸ ಹೆಂಗಾಗ್ತದ್ರಿ? ನಾಳಿ ಮಿಕ್ಸರ್ ತರ್ತೀರಿ, ನಾಡದು ಫ್ರಿಜ್ಜು" ಎಂದರು. ಕುಕ್ಕರಿನವರು ಸಿಟ್ಟಿಗೆದ್ದು, "ನಿಮ್ಮತ್ತಿ ಒಲಿ ಊದಿ ಊದಿ ಕಣ್ಣು ಕಳಕೊಂಡಿದ್ರ ತಿಳೀತಿತ್ತು ನಿಮಗ. ನಿಮ್ಮನ್ಯಾಗ ಆಳು ಊದ್ತಿದ್ರು" ಎಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ಅಕ್ಕ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಎಲ್ಲವನ್ನೂ ಬರೆದಳು. ಮುಂದಿನ ಸಭೆಯಲ್ಲಿ ಠರಾವು ಪುಸ್ತಕ ಓದಿದಾಗ ಇಬ್ಬರೂ ಒಟ್ಟಿಗೇ ಎದ್ದರು.

"ತೆಗೀ ಅದನ್ನ. ಇದೆಲ್ಲಾ ಬರೀತಾರೇನು?"

"ಅಂದಿಲ್ಲಂತ ಹೇಳ್ರಿ, ತೆಗೀತೀನಿ," ಎಂದಳು ಅಕ್ಕ.

ಇಬ್ಬರೂ ಹೇಳಲಿಲ್ಲ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಕುಕ್ಕರ್ ಮ್ಯೂಸಿಯಂನಲ್ಲೇ ಉಳಿಯಿತು.

ನಾನು ಒಮ್ಮೆ ಅವಳನ್ನು ಚುಡಾಯಿಸಿದ್ದೆ. "ಸಾಮಾನು ಇಟ್ರೆ ಸಾಕಾಗಂಗಿಲ್ಲೇನು? ಈ ಕಾಗದ ಯಾರು ನೋಡ್ತಾರ ಅಕ್ಕಾ?"

"ಸಾಮಾನು ಎಲ್ಲಾರೂ ನೋಡ್ತಾರ. ಇವನ್ನ ಕೂಡಿಹಾಕಾಕ ಈ ಹೆಂಗಸ್ರು ಎಷ್ಟು ಬಡದಾಡ್ಯಾರ ಅನ್ನೂದು ಎಲ್ಲಿ ಅದ? ಇದರಾಗ ಅದ. ನೀ ಗಾಳಿ ತುಂಬು ಹೋಗು."

ಅವಳು ದೇವತೆಯೇನೂ ಅಲ್ಲ. ಮೊಂಡಿ. ತಂಬಾಕು ಹಾಕುತ್ತಿದ್ದಳು, ಕೇಳಿದರೆ ಹಲ್ಲುನೋವು ಎನ್ನುತ್ತಿದ್ದಳು. ಒಮ್ಮೆ ಮುನಿಸಿಕೊಂಡರೆ ಎರಡು ಹಬ್ಬ ಕಳೆದರೂ ಮಾತಾಡುತ್ತಿರಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ರವಿವಾರ ಮಾತ್ರ ಬರುತ್ತಿದ್ದಳು. ಉಳಿದ ದಿನ ಮ್ಯೂಸಿಯಂ ಬಾಗಿಲು ತೆಗೆಯಬೇಕು ಎಂಬುದು ಅವಳ ಮಾತು. ನನ್ನ ಹೆಂಡತಿ ಅವ್ವನ ಹಾಸಿಗೆ ತೊಳೆಯುವಾಗ ಅಕ್ಕ ರಾಯಚೂರಿನಲ್ಲಿ ಕಂಡವರ ಕೌದಿಯ ಧೂಳು ಜಾಡಿಸುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಅವಳು ಇದ್ದಷ್ಟು ಕಾಲ ನಾನು ಆ ಮ್ಯೂಸಿಯಂ ಒಳಗೆ ಕಾಲಿಡಲಿಲ್ಲ. ರಾಯಚೂರಿಗೆ ಟೈರು ತರಲು ಹೋದಾಗ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ.

"ಒಳಗ ಬಾರಲೇ, ನೋಡು."

"ಕೈ ಎಣ್ಣಿ ಆಗ್ಯಾವ ಅಕ್ಕಾ."

ಕೈ ನಿಜವಾಗಿಯೂ ಎಣ್ಣೆಯಾಗಿರುತ್ತಿದ್ದವು. ತೊಳೆದುಕೊಳ್ಳಲು ಅಲ್ಲಿ ನಲ್ಲಿಯೂ ಇತ್ತು.

ಕೆಲವು ವರ್ಷಗಳ ಹಿಂದೆ ಆ ಮನೆಯ ಮಾಲೀಕರು ಮನೆ ಮಾರಿದರು. ಬೇರೆ ಜಾಗ ಸಿಗುವ ತನಕ ಎಂದು ಸಾಮಾನುಗಳನ್ನು ಒಂದು ಕಾಲೇಜಿನ ಖಾಲಿ ಕೋಣೆಯಲ್ಲಿ ಇಟ್ಟು ಬೀಗ ಹಾಕಿದರು. ಕಾಲೇಜಿನವರು ಕಾಗದಪತ್ರಗಳಿಗೆ ಅಲ್ಲಿ ಜಾಗವಿಲ್ಲ ಎಂದರಂತೆ, ಕಾಗದಕ್ಕೆ ಹುಳ ಬರುತ್ತದೆ, ಹುಳ ಬಂದರೆ ತಮ್ಮ ಪುಸ್ತಕಗಳಿಗೂ ಹತ್ತುತ್ತದೆ ಎಂದು. ಅಕ್ಕ ಖೋಲಿ ಬಿಟ್ಟು ದೇವದುರ್ಗಕ್ಕೆ ನನ್ನ ಮನೆಗೆ ಬಂದಳು. ತನ್ನ ಬಟ್ಟೆಬರೆಗಿಂತ ಮೊದಲು ದಫ್ತರ, ಎಂದರೆ ಆ ಕಾಗದಪತ್ರಗಳನ್ನೆಲ್ಲ, ತಂದಳು.

ಬಸ್ಸಿನಲ್ಲಿ, ಒಂದೊಂದು ಸಲಕ್ಕೆ ಹೊರುವಷ್ಟು. ಎಲ್ಲವೂ ಅವಳ ಹಳೆಯ ಸೀರೆಗಳಲ್ಲಿ ಕಟ್ಟಿದ ಗಂಟುಗಳು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಕಾಗದ ಬೆವರುತ್ತದೆ, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಜಿಗೆ ಹುಳ ಬರುತ್ತದೆ, ಉಟ್ಟು ಒಗೆದು ಮೆತ್ತಗಾದ ನೂಲಿನ ಸೀರೆಯೇ ಆಗಬೇಕು ಎನ್ನುತ್ತಿದ್ದಳು. ಕಂಡಕ್ಟರ್ ಒಬ್ಬ, "ಯಾರ ಮದುವಿಗೆ ಬೇ ಇಷ್ಟು ಸೀರಿ?" ಎಂದನಂತೆ.

"ನಂದs ಮದುವಿ. ಟಿಕೆಟ್ ಹರಿ," ಎಂದಳಂತೆ.

ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೊತ್ತು ತಂದವನು ನಾನು. ಕೊನೆಯ ಗಂಟು ಇಳಿಸಿದ ಮೇಲೆ ಅವಳು ಒಂದು ಹಾಳೆ ಮುಂದೆ ಹಿಡಿದಳು. "ತಗೊಂಡೀನಿ ಅಂತ ಸಹಿ ಮಾಡು."

"ನಾ ಏನು ಕಳ್ಳನೇನು ಅಕ್ಕಾ?"

"ಸಹಿ ಮಾಡಲೇ. ನಮ್ಮಪ್ಪ ಬಂದಿದ್ರೂ ಮಾಡಸ್ತಿದ್ದೆ."

ಮಾಡಿದೆ. ಅವಳು ಅದನ್ನೂ ಒಂದು ಗಂಟಿನೊಳಗೆ ಸೇರಿಸಿದಳು.

ನಮ್ಮದು ಸಣ್ಣ ಮನೆ. ಗಂಟುಗಳು ಮಂಚದ ಮೇಲೆ ಕುಳಿತವು, ಅಕ್ಕ ನೆಲದ ಮೇಲೆ ಮಲಗಿದಳು. ನನ್ನ ಹೆಂಡತಿ, "ಮನುಷ್ಯಾರು ನೆಲದ ಮ್ಯಾಲೆ, ಕಾಗದ ಮಂಚದ ಮ್ಯಾಲೆ. ಎಲ್ಲೀ ನ್ಯಾಯ ಯಕ್ಕಾ ಇದು?" ಎನ್ನುತ್ತಿದ್ದಳು. ಅಕ್ಕ, "ನಾ ಇನ್ನಾ ನಡೀತೀನಿ, ಅವು ನಡಿಯಂಗಿಲ್ಲಲ್ಲ" ಎನ್ನುತ್ತಿದ್ದಳು. ಆಗಾಗ ಒಂದೊಂದೇ ಗಂಟು ಬಿಚ್ಚಿ, ಹಾಳೆಗಳಿಗೆ ನೆರಳಿನಲ್ಲಿ ಗಾಳಿಯಾಡಿಸಿ, ನಡುವೆ ಬಜೆಬೇರು, ಒಣಗಿದ ಬೇವಿನ ಎಲೆ ಇಟ್ಟು ಮತ್ತೆ ಕಟ್ಟುತ್ತಿದ್ದಳು. ಒಮ್ಮೆ ಅವಳು ಸಂತೆಗೆ ಹೋದಾಗ, ಸಹಾಯವಾಗಲಿ ಎಂದು ನಾನು ಎರಡು ಗಂಟು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದೆ. ಬಂದವಳು ಚೀಲ ಬಿಸಾಡಿ ಏಣಿ ಹತ್ತಿದಳು. "ಹಪ್ಪಳ ಮಾಡಿದ್ಯಲ್ಲೋ! ಯಾರು ಹೇಳಿದ್ರು ನಿನಗ?" ಅದಾದ ಮೇಲೆ ನಾನು ಅವುಗಳ ಹತ್ತಿರ ಹೋಗಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಜ್ವರ ಬಂತು. ಬಿಡಲಿಲ್ಲ. ರಾಯಚೂರಿನ ದವಾಖಾನೆಗೆ ಒಯ್ದೆವು. ಅಲ್ಲಿಂದ ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ತಂದೆವು. ನನಗೆ ಅಳು ಬರಲಿಲ್ಲ. ಬಂದವರು ಅಳುತ್ತಿದ್ದರು, ನಾನು ಕುರ್ಚಿ ಹಾಕುವುದು, ನೀರು ಕೊಡುವುದು ಮಾಡುತ್ತಿದ್ದೆ. ಯಾರೋ ಗಾಡಿಗೆ ಗಾಳಿ ಕಡಿಮೆ ಇದೆ ಎಂದರು, ಹೋಗಿ ಹಾಕಿ ಬಂದೆ.

ನಮ್ಮ ಮನೆತನದಲ್ಲಿ ಸತ್ತವರು ಉಟ್ಟ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದಿವಸದ ಕಾರ್ಯ ಮಾಡುವ ದಿನ ಗಂಟು ಕಟ್ಟಿ ಹೊಳೆಗೆ ಬಿಡುವುದು ರೂಢಿ. ಆ ದಿನ ಚಿಗವ್ವ, ಎಂದರೆ ನಮ್ಮ ಕಾಕಾನ ಹೆಂಡತಿ, ಮನೆಯೊಳಗೆ ಬಂದು ಮಂಚ ನೋಡಿದಳು.

"ಅಯ್ಯ ಶಿವನೇ, ಇಷ್ಟು ಸೀರಿ ಇನ್ನಾ ಇಲ್ಲೇ ಇಟ್ಟೀರಲ್ಲ! ಮೊದಲ ಹೊಳಿಗೆ ಒಯ್ದು ಬಿಡಪಾ."

ನಾನು ಒಂದು ಗಂಟು ಎತ್ತಿದೆ. ಬಟ್ಟೆಯ ಭಾರವಲ್ಲ ಅದು. ಬಟ್ಟೆಯ ಗಂಟು ಕೈಯಲ್ಲಿ ಜಗ್ಗುತ್ತದೆ. ಇದು ಇಟ್ಟಿಗೆಯಂತೆ ಕೂತಿತ್ತು. ಬಜೆಬೇರಿನ ವಾಸನೆ ಬಂತು. ಚಿಗವ್ವನಿಗೂ ಏನೋ ಅನಿಸಿರಬೇಕು.

"ಏನ್ ಅವಪಾ ಅದರಾಗ? ಸೀರಿ ಅಲ್ಲೇನು?"

"ಸೀರಿ," ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬಿಚ್ಚಿದರೆ ಬೇರೆ ಮಾಡಬೇಕು, ಕಾಗದ ಹೊರಗೆ ಇಡಬೇಕು, ಅದಕ್ಕೆ ಜಾಗ ಹುಡುಕಬೇಕು, ರಾಯಚೂರಿನವರಿಗೆ ಫೋನ್ ಮಾಡಬೇಕು. ಅಷ್ಟೆಲ್ಲ ಮಾಡುವ ಶಕ್ತಿ ಇರಲಿಲ್ಲ ಎಂದು ಹೇಳಬಹುದು. ಅವ್ವನ ಹಾಸಿಗೆ ನೆನಪಿಗೆ ಬಂತು ಎಂದೂ ಹೇಳಬಹುದು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಏನೂ ಅನಿಸಲಿಲ್ಲ. ಸಿಟ್ಟೂ ಇರಲಿಲ್ಲ. ಗಂಟುಗಳು ಹೋಗಬೇಕು ಎಂದರು, ಒಯ್ದೆ.

ಕೃಷ್ಣೆಯ ಸೇತುವೆಯ ಕೆಳಗೆ, ಮಟಮಟ ಮಧ್ಯಾಹ್ನ. ನೀರು ತುಂಬಿತ್ತು. ಒಂದೊಂದೇ ಬಿಟ್ಟೆ. ಕೂಡಲೇ ಮುಳುಗುತ್ತವೆ ಎಂದುಕೊಂಡಿದ್ದೆ, ಮುಳುಗಲಿಲ್ಲ. ಅಕ್ಕ ಕಟ್ಟಿದ ಗಂಟಿನೊಳಗೆ ಗಾಳಿ ನಿಂತಿತ್ತು. ಸ್ವಲ್ಪ ದೂರ ತೇಲಿದವು, ಹಸಿರು, ಕೆಂಪು, ಮಾಸಿದ ಬೂದು. ಒಂದು ಗಂಟು ದಂಡೆಯ ಆಪಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಬುಟ್ಟಿದೋಣಿಯಲ್ಲಿ ಬಲೆ ಎಳೆಯುತ್ತಿದ್ದವನೊಬ್ಬ ಹತ್ತಿರ ಬಂದು, "ಏನ್ರಿ ಇದು?" ಎಂದ.

"ನಮ್ಮಕ್ಕನ ಸೀರಿ."

"ಪಾಪ," ಎಂದು ದೋಣಿಯ ಹುಟ್ಟಿನಿಂದ ಅದನ್ನು ಮೆಲ್ಲಗೆ ನಡುನೀರಿಗೆ ನೂಕಿದ. ನಾನು ಅವನಿಗೆ ಕೈ ಮುಗಿದೆ. ನಾನು ಮಾಡಿದ ಸಹಿಯೂ ಅವುಗಳಲ್ಲೇ ಒಂದರೊಳಗೆ ಇತ್ತು.

ಇಷ್ಟಾದರೆ ಒಂದು ತಪ್ಪು. ಇನ್ನೊಂದಿದೆ.

ಕೆಲವು ವಾರಗಳ ಮೇಲೆ ರಾಯಚೂರಿನಿಂದ ಸಂಘದ ಅಧ್ಯಕ್ಷೆ ಶಾಂತಮ್ಮನವರು, ಮೆಹರ್ ಖಾಲಾ ಇಬ್ಬರೂ ಮನೆಗೆ ಬಂದರು. ಮಾತಾಡಿಸಿ, ಅತ್ತು, ಚಹಾ ಕುಡಿದ ಮೇಲೆ ವಿಷಯ ಹೇಳಿದರು. ಮ್ಯೂಸಿಯಂಗೆ ಕೊನೆಗೂ ಜಾಗ ಸಿಕ್ಕಿದೆ. ಜಾಗ ಕೊಡುವವರು ಒಂದು ಮಾತು ಇಟ್ಟಿದ್ದಾರೆ. ಪ್ರತಿ ಸಾಮಾನಿಗೂ ಇದನ್ನು ಯಾರು ಕೊಟ್ಟರು, ಒಪ್ಪಿ ಕೊಟ್ಟರೇ ಎಂಬ ಕಾಗದ ಬೇಕು. ಕಾಗದ ಇಲ್ಲದ್ದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ.

"ಅದಕ್ಕ ನಾವು ಬಿಂದಾಸ್ ಇದ್ದೀವಿ," ಎಂದರು ಖಾಲಾ. "ನಿಮ್ಮಕ್ಕ ಸೂಜಿ ಕೊಟ್ರೂ ಕಾಗದ ಮಾಡ್ಯಾಳ. ದಫ್ತರ್ ಎಲ್ಲದ ಬೇಟಾ?"

ಮಂಚದ ಮೇಲೆ ನನ್ನ ಮಗಳು ಪುಸ್ತಕ ಹರಡಿಕೊಂಡು ಕೂತಿದ್ದಳು.

"ಗೆದ್ದಲ ಹತ್ತಿತ್ರಿ," ಎಂದೆ. "ಎಲ್ಲಾ ಮಣ್ಣಾಗಿತ್ತು. ಸುಟ್ಟುಬಿಟ್ಟೆ."

ನನ್ನ ಹೆಂಡತಿ ಒಲೆಯ ಕಡೆ ಮುಖ ಮಾಡಿದಳು. ಶಾಂತಮ್ಮನವರು, "ಕಡೀಕ್ಕಡೀಕ ಆಕಿಗೆ ಕೈಲೆ ಆಗಿರಲಿಕ್ಕಿಲ್ಲ, ಪಾಪ. ನಾವs ಬಂದು ನೋಡಬೇಕಾಗಿತ್ತು" ಎಂದರು. ಮೆಹರ್ ಖಾಲಾ ಹೋಗುವಾಗ ಬಾಗಿಲ ಹತ್ತಿರ ನಿಂತು ಗೋಡೆ ನೋಡಿದರು, ತೊಲೆ ನೋಡಿದರು, ಮಂಚದ ಕಾಲು ನೋಡಿದರು. "ಆಕಿ ಕಟ್ಟಿದ ಗಂಟಿಗೆ ಗೆದ್ದಲ?" ಎಂದರು, ನನಗಲ್ಲ, ತಮಗೆ ತಾವೇ.

ಸುಳ್ಳು ಹೇಳಿದಾಗ ನಾನು ನನ್ನನ್ನು ಉಳಿಸಿಕೊಂಡೆ ಎಂದಷ್ಟೇ ತಿಳಿದಿದ್ದೆ. ಅದು ಅಕ್ಕನ ತಲೆಯ ಮೇಲೆ ಹೋಗಿ ಕೂತಿತು ಎಂದು ತಿಳಿದದ್ದು ರಾಯಚೂರಿನಲ್ಲಿ, ಅವಳಿಗಾಗಿ ಕರೆದ ಸಭೆಯಲ್ಲಿ.

ಮನೆಯವರು ಬರಬೇಕು ಎಂದು ಕರೆದಿದ್ದರು, ಹೋದೆ. ಸಭೆ ಆ ಕಾಲೇಜಿನ ಕೋಣೆಯ ಮುಂದಿನ ಪಡಸಾಲೆಯಲ್ಲಿತ್ತು. ಬೀಗ ತೆಗೆದಿದ್ದರು. ಅಕ್ಕನ ಮ್ಯೂಸಿಯಂ ಸಾಮಾನುಗಳನ್ನು ನಾನು ನೋಡಿದ್ದು ಅವತ್ತು. ಒಂದರ ಮೇಲೊಂದು ಒಟ್ಟಿದ್ದರು. ಧೂಳು ಹಿಡಿದ ಕೌದಿ, ಮಗುಚಿದ ಕುಂಪಟಿ. ಯಾವುದು ಯಾರದ್ದು ಎಂದು ಯಾವುದರ ಮೇಲೂ ಇರಲಿಲ್ಲ. ಮೋಡಕಾ ಅಂಗಡಿಯಲ್ಲಿ ಇದಕ್ಕಿಂತ ಒಪ್ಪವಾಗಿ ಇಟ್ಟಿರುತ್ತಾರೆ.

ಅಕ್ಕನ ಜಾಗದಲ್ಲಿ ಈಗ ಬರೆಯುವವಳು ಒಬ್ಬ ಟೀಚರ್ ಹುಡುಗಿ. ಎಲ್ಲರೂ ಒಂದು ನಿಮಿಷ ನಿಂತು ಕುಳಿತ ಮೇಲೆ ಅವಳು ಹೊಸ ಠರಾವು ಪುಸ್ತಕ ತೆಗೆದು ಓದಿದಳು. "ಸಂಗ್ರಹಾಲಯದ ದಾಖಲೆಗಳನ್ನು ಇಟ್ಟುಕೊಂಡಿದ್ದವರ ಅನಾರೋಗ್ಯದಿಂದ ನಿಗಾ ತಪ್ಪಿ, ಗೆದ್ದಲು ಹಿಡಿದು ಎಲ್ಲ ದಾಖಲೆಗಳೂ ಹಾಳಾಗಿರುತ್ತವೆ. ಸಭೆಯು ವಿಷಾದ ವ್ಯಕ್ತಪಡಿಸುತ್ತದೆ."

ನಿಗಾ ತಪ್ಪಿ. ಹೆಂಗಸರು ತಲೆಯಾಡಿಸಿದರು. ಒಬ್ಬರು ಪಕ್ಕದವರಿಗೆ, "ಆಕಿ ಯಾರ ಕೈಯಾಗೂ ಕೊಡ್ತಿದ್ದಿಲ್ಲ ನೋಡ್ರಿ. ನಮ್ಮ ಕೈಯಾಗಾದ್ರೂ ಕೊಟ್ಟಿದ್ರ ಉಳೀತಿದ್ವು" ಎಂದರು. ಅದು ಕುಕ್ಕರ್ ಬೇಡ ಎಂದವರೋ ಬೇಕು ಎಂದವರೋ ನನಗೆ ಗೊತ್ತಿಲ್ಲ.

ಶಾಂತಮ್ಮನವರು ಸಹಿ ಮಾಡಲು ಪೆನ್ನು ತೆಗೆದರು. ನಾನು ಎದ್ದು ನಿಂತೆ.

"ಗೆದ್ದಲ ಹತ್ತಿಲ್ರಿ. ಎಲ್ಲಾ ಚಂದ ಇದ್ವು. ನಾನು ಹೊಳಿಗೆ ಬಿಟ್ಟೀನಿ. ಸೀರಿ ಅಂತ ಹೇಳಿ, ಗೊತ್ತಿದ್ದೂ ಬಿಟ್ಟೀನಿ."

ಒಬ್ಬರು, "ಅಯ್ಯ, ಮನಷ್ಯಾ ಅದೀಯೇನು ನೀ?" ಎಂದರು. ಇನ್ನೊಬ್ಬರು, "ಹೋಗ್ಲಿ ಬಿಡ್ರಿ, ದುಃಖದಾಗ ತಿಳಿದಿರಂಗಿಲ್ಲ" ಎಂದರು.

"ದುಃಖ ಇದ್ದಿಲ್ರಿ," ಎಂದೆ. ಅದನ್ನು ಯಾಕೆ ಹೇಳಿದೆನೋ. ಆದರೆ ಅದು ನಿಜವಿತ್ತು.

ಟೀಚರ್ ಹುಡುಗಿ ಅಧ್ಯಕ್ಷೆಯ ಮುಖ ನೋಡಿದಳು. "ಇದನ್ನ ಬರೀಲೇನ್ರಿ ಮೇಡಂ?"

"ಬರಿ. ಅವರು ಅಂದಂಗ ಬರಿ."

ಸಭೆ ಮುಗಿದ ಮೇಲೆ ಮೆಹರ್ ಖಾಲಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕುಳಿತು, "ಖಾಲಾ, ಮಾಫ್ ಮಾಡ್ರಿ" ಎಂದೆ.

"ನನ್ನ ಹತ್ರ ಏನ್ ಇಟ್ಟೀಯಪಾ ಮಾಫ್ ಮಾಡಾಕ? ನನ್ನ ಪಾನ್‌ದಾನ್ ನನಗ ಗೊತ್ತದ, ಎದಿ ತಟ್ಟಿ ನಂದು ಅಂತೀನಿ. ಹಳ್ಳ್ಯಾಗ ಕೂತ ಹೆಂಗಸ್ರು ಏನ್ ಮಾಡಬೇಕು? ನಿಮ್ಮಕ್ಕ ಅವರ ಸಾಮಾನಿನ ಚೀಟಿ ಹೆಂಗ ಬರೀತಿದ್ಲು ಗೊತ್ತದೇನು ನಿನಗ?"

ಗೊತ್ತಿರಲಿಲ್ಲ. ಖಾಲಾ ಹೇಳಿದರು. ಸಾಮಾನು ಕೊಟ್ಟ ಹೆಂಗಸಿನ ಹೆಸರು ಕೇಳುತ್ತಿದ್ದಳು. ಅವರು ಇಂಥವರ ಹೆಂಡತಿ, ಇಂಥವನ ಅವ್ವ ಎನ್ನುತ್ತಿದ್ದರು. ಅದಲ್ಲ, ನಿನ್ನ ಹೆಸರು ಹೇಳು ಎಂದು ಗಂಟುಬೀಳುತ್ತಿದ್ದಳು. ಹೇಳಿದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅವರ ಬೆರಳು ಹಿಡಿದು ಅದರ ಮೇಲೆ ಆಡಿಸಿ, ಇದು ನೀನು ಎನ್ನುತ್ತಿದ್ದಳು. ಆ ಸಾಮಾನಿನ ಬಗ್ಗೆ ಅವರು ಏನೆಂದರೋ ಅದನ್ನೂ ಅವರ ಮಾತಿನಲ್ಲೇ ಬರೆಯುತ್ತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದುದು ಕಡೆಗೆ.

"ಹಿರೇಕೊಟ್ನೆಕಲ್‌ಗೆ ಹೋಗಿದ್ವಿ ನಾವು, ಬಾಗಲವಾಡಕ್ಕ ಹೋಗಿದ್ವಿ. ಮುಂದಿಂದು ನನಗ ನೆನಪಿಲ್ಲ, ಆಕಿ ಬರ್ಕೊಂಡಾಳಂತ ನಾ ನೆನಪಿಡಲಿಲ್ಲ. ಹೋಗು, ಅವರಿಗೆ ಹೇಳು. ನನ್ನ ಮುಂದ ಕೂತು ಏನ್ ಮಾಡ್ತಿ?"

ಅಂಗಡಿಯನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ ಹೊರಟೆ. ಶಾಂತಮ್ಮನವರು ಹಾಳೆ ಕೊಟ್ಟಿದ್ದರು. ಮತ್ತೆ ಕಾಗದ ಬರೆಸಿಕೊಂಡು ಬಂದಷ್ಟು ಸಾಮಾನು ಹೊಸ ಮ್ಯೂಸಿಯಂ ಒಳಗೆ ಹೋಗುತ್ತದೆ, ಉಳಿದದ್ದು ಇಲ್ಲ.

ಹಿರೇಕೊಟ್ನೆಕಲ್‌ನಲ್ಲಿ ಕೌದಿ ಕೊಟ್ಟಿದ್ದ ಹೆಂಗಸು ತೀರಿಕೊಂಡಿದ್ದಳು. ಮಗ ಹೊಲದಿಂದ ಬಂದು, "ಕೌದಿ ವಾಪಸ್ ತಂದೀರೇನು?" ಎಂದು ಕೇಳಿದ. ಇಲ್ಲ ಎಂದೆ. ಅವ್ವನ ಹೆಸರು ಹೇಳಿದ. ಕೌದಿಯ ಬಗ್ಗೆ ಅವಳು ಏನು ಹೇಳುತ್ತಿದ್ದಳು ಎಂದು ಕೇಳಿದೆ. "ಹೊದಿಯಾಕ ಬೆಚ್ಚಗಿತ್ತು," ಎಂದ. ಅಷ್ಟು ಬರೆದುಕೊಂಡೆ.

ಬಾಗಲವಾಡದಲ್ಲಿ ಅಂಗಡಿಯವನು ಒಂದು ಮನೆ ತೋರಿಸಿದ, ಕುರಿಯವರ ಮನೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಮ್ಯೂಸಿಯಂ ಅಕ್ಕನ ತಮ್ಮ ಎಂದಾಗ ಮುಖ ಅರಳಿತು.

"ಬಾರಪಾ, ಕುಂದರು. ನನ್ನವ್ವನ ಕದಿರು ಒಯ್ದಾಳ ಆಕಿ. ಕೊಡಂಗಿಲ್ಲಂದಿದ್ದೆ. ಬಿಡಲಿಲ್ಲ ನೋಡು, ಜಿಗಣಿ! ಚಂದ ಅದಾಳೇನು?"

ನಾನು ಎಲ್ಲವನ್ನೂ ಹೇಳಿದೆ. ಅವಳು ಸತ್ತದ್ದು, ಗಂಟು, ಹೊಳೆ. ಮುದುಕಿಯ ಕೈ ನಿಂತಿತು.

"ಸತ್ತಳಾ? ನನಗ ಯಾರೂ ಹೇಳಲಿಲ್ಲ," ಎಂದಳು. ಆಮೇಲೆ ಕೇಳಿದಳು, "ನನ್ನ ಚೀಟಿನೂ ಅದರಾಗ ಇತ್ತೇನು?"

"ಇತ್ತು ಯವ್ವಾ."

"ನಾ ಹೇಳಿದ್ದು ಏನೇನು ಬರದಿದ್ಲು? ನನ್ನವ್ವ ಆ ಕದಿರು ಹಿಡಕೊಂಡೇ ನನ್ನ ಹಡದದ್ದು ಹೇಳಿದ್ದೆ. ಅದು ಬರದಿದ್ಲೇನು?"

"ನಾ ಓದಿಲ್ಲ."

"ನಿನ್ನ ಮನ್ಯಾಗs ಇತ್ತಂದಿ."

"ಇತ್ತು."

"ಓದಾಕ ಬರಂಗಿಲ್ಲೇನು ನಿನಗ?"

"ಬರ್ತದ."

ಅವಳು ನನ್ನನ್ನು ಬಯ್ಯಲಿಲ್ಲ. ಎಳೆ ಹುಡುಕಿ ಮತ್ತೆ ಕದಿರು ತಿರುವತೊಡಗಿದಳು. ನಾನು ಹಾಳೆ ತೊಡೆಯ ಮೇಲೆ ಇಟ್ಟುಕೊಂಡು ಮೇಲೆ ಬಾಗಲವಾಡ ಎಂದು ಬರೆದೆ.

"ಈಗ ಹೇಳು ಯವ್ವಾ, ಬರ್ಕೊಂತೀನಿ. ಹೆಸರೇನು ನಿನ್ನದು?"

"ಆಕಿ ಕೇಳಿದ್ಲು, ಹೇಳೀನಿ."

"ಈಗ ಇನ್ನೊಮ್ಮೆ…"

"ಈ ಊರಾಗ ನನ್ನ ಹೆಸರು ಕೇಳಿದಾಕಿ ಆಕಿ ಒಬ್ಬಾಕಿ. ಒಮ್ಮೆ ಹೇಳೀನಿ. ಎಷ್ಟು ಸಲ ಹೇಳ್ಲಿ?"

ಅಂಗಡಿಯವನನ್ನು ಕೇಳಿದ್ದರೆ ಹೇಳುತ್ತಿದ್ದ. ರೇಷನ್ ಕಾರ್ಡಿನಲ್ಲಿಯೂ ಇರುತ್ತದೆ. ಕೇಳಲಿಲ್ಲ. ಮಾನ್ವಿಯ ಬಸ್ಸು ಬಂತು, ಹಾರ್ನ್ ಹೊಡೆದು ಹೋಯಿತು. ನಾನು ಪೆನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೇ ಇದ್ದೆ. ಮುದುಕಿ ಹೋಗು ಎನ್ನಲಿಲ್ಲ. ಹೆಸರನ್ನೂ ಹೇಳಲಿಲ್ಲ.